ಪೂರಾ ಹೆಸರು

ಆ ಗೋದಾಮಿನಲ್ಲಿ ಮೂಟೆ ಹೊರುವವರೆಲ್ಲ ಒಬ್ಬರಿಗೊಬ್ಬರು 'ಭಾಡ್ಯಾ'ಗಳೇ. ಚಹಾಕ್ಕೆ ಕರೆಯುವುದೂ ಹಾಗೆಯೇ, ಸತ್ತವನಿಗಾಗಿ ಅಳುವುದೂ ಹಾಗೆಯೇ. ಮೇಲಿನಿಂದ ಜೋಳದ ಚೀಲ ಜಾರಿದಾಗ ಫಕೀರಪ್ಪ "ಭಾಡ್ಯಾ!" ಎಂದು ಒದರಿದರೆ ಸಾಕು, ಕೆಳಗಿದ್ದವರು ತಲೆಯೆತ್ತಿಯೂ ನೋಡದೆ ಪಕ್ಕಕ್ಕೆ ಹಾರುತ್ತಿದ್ದರು.

ಹೊಸದಾಗಿ ಸೇರಿದವನೊಬ್ಬನಿಗೆ ಮಾತ್ರ ಅದು ಚುಚ್ಚಿತು. ನೆಟ್ಟಗೆ ಸಾಹುಕಾರನ ಬಳಿ ಹೋದ.

"ಈ ಫಕೀರಪ್ಪ ನನಗ ಭಾಡ್ಯಾ ಅಂತಾನ್ರೀ. ನಮ್ಮಪ್ಪ ನನಗೊಂದು ಹೆಸರಿಟ್ಟಾನ."

"ಅದು ಬೈಗುಳ ಅಲ್ರೀ ಸಾವಕಾರ್ರ, ಸಲಿಗಿ," ಅಂದ ಫಕೀರಪ್ಪ.

"ಬಾಯಿ ಮುಚ್ಚು. ಎಲ್ಲಾರ ಮುಂದ ಅವನ ಕಾಲು ಹಿಡಿ. ಇನ್ನ ಮ್ಯಾಲ ಪೂರಾ ಹೆಸರು ಹಿಡಿದು ಮರ್ಯಾದಿಲೆ ಕರಿ. ಇಲ್ಲಾಂದ್ರ ಮನಿಗೆ ನಡಿ."

ಆ ಗೋದಾಮಿನಲ್ಲೇ ತಲೆ ನರೆತ ಫಕೀರಪ್ಪ ನಿನ್ನೆ ಮೊನ್ನೆ ಬಂದವನ ಕಾಲು ಹಿಡಿದ. ಹೊಸಬ ಮೀಸೆಯಡಿಯಲ್ಲಿ ನಕ್ಕ.

ಮರುದಿನ, ಹಲಗೆಯ ಮೇಲೆ ನಿಂತಿದ್ದ ಫಕೀರಪ್ಪನ ಕಣ್ಣೆದುರೇ ಒಂದರ ಮೇಲೊಂದು ಪೇರಿಸಿಟ್ಟ ಚೀಲಗಳ ಇಡೀ ಥಪ್ಪಿ ವಾಲತೊಡಗಿತು. ಅದರ ಬುಡದಲ್ಲಿ ಹೊಸಬ ಬೆನ್ನು ತಿರುಗಿಸಿ ಬೀಡಿ ಹಚ್ಚುತ್ತಿದ್ದ. ನಾಲಿಗೆಯ ತುದಿಗೆ ಬಂದಿದ್ದ ಮಾತನ್ನು ಫಕೀರಪ್ಪ ನುಂಗಿಕೊಂಡ. ಎರಡೂ ಕೈ ಮುಗಿದು, ಗಂಟಲು ಸರಿಮಾಡಿಕೊಂಡು, ನಿಧಾನವಾಗಿ ಶುರುಮಾಡಿದ:

"ಸನ್ಮಾನ್ಯ ಶ್ರೀ ಗುರುಶಾಂತಪ್ಪ ಮಲ್ಲಪ್ಪ ಕಡಕೋಳ ಅವರೇ, ತಾವು ದಯಮಾಡಿ..."