ಗೆನ್ನಾದಿಯ ಲೋಟ

ಸತ್ತವನ ಮುಂದಿಟ್ಟಿದ್ದ ಲೋಟವನ್ನು ಎತ್ತಿ ಸ್ಟೋಕರ್ ಗಟಗಟನೆ ಕುಡಿದುಬಿಟ್ಟ. ಲೋಟದ ಮೇಲೆ ಮುಚ್ಚಿದ್ದ ಕಪ್ಪು ಬ್ರೆಡ್ಡಿನ ಹೋಳು ಜಾರಿ, ಕರಿಪಟ್ಟಿ ಕಟ್ಟಿದ್ದ ಗೆನ್ನಾದಿಯ ಫೋಟೋದ ಮುಂದೆಯೇ ಬಿತ್ತು. ಒಂಬತ್ತನೇ ದಿನದ ಊಟಕ್ಕೆ ಕೂತಿದ್ದವರ ಚಮಚಗಳು ಅಲ್ಲಲ್ಲೇ ನಿಂತವು.

ಪಾಪ, ಹುಡುಗ ಬೇಕೆಂದು ಮಾಡಿದ್ದಲ್ಲ. ಅಮೆರಿಕದ ಆಲೂಗಡ್ಡೆ ಸೀಮೆಯಿಂದ ಧರ್ಮ ಸಾರಲು ರಷ್ಯಾದ ಈ ಉರಾಲ್ ಊರಿಗೆ ಬಂದು ಅವನಿಗಿನ್ನೂ ತಿಂಗಳು ತುಂಬಿರಲಿಲ್ಲ. ಬಟ್ಟಲಲ್ಲಿ ಬೆಳ್ಳಗೆ ಕಂಡದ್ದನ್ನು ಮೂಲಂಗಿ ತುರಿ ಎಂದುಕೊಂಡು ಚಮಚದ ತುಂಬ ಬಾಯಿಗೆ ಹಾಕಿಕೊಂಡಿದ್ದ. ಅದು ಹ್ರೆನ್. ಇಲ್ಲಿಯವರು ಕಣ್ಣೀರು ಸುರಿಸುತ್ತ ಚೂರೇ ಚೂರು ನಂಜಿಕೊಳ್ಳುವ ಬೇರು. ಮೂಗಿನಿಂದ ನೆತ್ತಿಯವರೆಗೆ ಬೆಂಕಿ ಬಿದ್ದು, ಕಣ್ಣು ಕಾಣದೆ, ಪಕ್ಕದ ಕಪಾಟಿನ ಮೇಲೆ ಕೈಗೆ ಸಿಕ್ಕಿದ ಲೋಟ ಎತ್ತಿದ.

"ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ!" ಗೆನ್ನಾದಿಯ ತಾಯಿ ಕ್ಲಾವ್ದಿಯಾ ಎದೆ ಬಡಿದುಕೊಂಡಳು. "ನನ್ನ ಮಗನ ಎಡೆ ಕಣೋ ಅದು! ನಲವತ್ತು ದಿನ ಯಾರೂ ಮುಟ್ಟೋ ಹಾಗಿಲ್ಲ. ಸತ್ತವನ ವೋಡ್ಕಾ ಕುಡಿದ್ಯಲ್ಲೋ!"

ವೋಡ್ಕಾ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಜೊತೆಗಾರ ಬಿಂಗಮ್ ದಡಕ್ಕನೆ ಎದ್ದು ನಿಂತ. ಅವರ ಮತದಲ್ಲಿ ಚಹಾ ಕೂಡ ನಿಷಿದ್ಧ. ಸಾರಲು ಬಂದವನೇ ಹೆಂಡ ಏರಿಸಿದನೆಂದರೆ ಗಂಟುಮೂಟೆ ಕಟ್ಟಿಸಿ ಮನೆಗೆ ಅಟ್ಟಿದರೂ ಅಟ್ಟಿಯಾರು.

ಆದರೆ ಸ್ಟೋಕರನಿಗೆ ಬಡಿದ ಸಿಡಿಲೇ ಬೇರೆ. ಅವನ ಗಂಟಲಲ್ಲಿ ಇಳಿದದ್ದು ನೀರು. ತುಕ್ಕು ನಲ್ಲಿಯ ವಾಸನೆ ಹೊಡೆಯುವ ಬರೀ ನೀರು! ಹಾಗೆಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಎದುರಿಗೆ ಗೆನ್ನಾದಿಯ ಹೆಂಡತಿ ರಿಮ್ಮಾ ಕಂಡಳು. ಪುಟ್ಟ ಮಗಳನ್ನು ಅವುಚಿಕೊಂಡು ಅವನನ್ನೇ ನೋಡುತ್ತ, ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು.

ಹುಡುಗನಿಗೆ ಆಗ ಹೊಳೆಯಿತು. ಗೆನ್ನಾದಿ ಕುಡಿದು ಹಿಮದಲ್ಲಿ ಬಿದ್ದು, ಬೆಳಗಾಗುವುದರೊಳಗೆ ಮರಗಟ್ಟಿ ಸತ್ತಿದ್ದ. ಆ ಹಾಳು ವೋಡ್ಕಾವನ್ನು ಅವನ ಮುಂದೆ ಇಡಲಾರೆನೆಂದು ರಿಮ್ಮಾ ಹಟ ಹಿಡಿದಾಗ ಅತ್ತೆ ಆಡಿದ ಮಾತನ್ನು, ಸಾವಿನ ಮನೆಗೆ ಸಾಂತ್ವನ ಹೇಳಲು ಬಂದಿದ್ದ ಸ್ಟೋಕರ್ ಕೂಡ ಕೇಳಿದ್ದ. "ಮನೆ ನನ್ನ ಹೆಸರಲ್ಲಿದೆ. ನನ್ನ ಮಗನಿಗೆ ಅವನ ಲೋಟ ಇಡದವಳಿಗೆ ಇಲ್ಲಿ ಜಾಗ ಇಲ್ಲ. ಮಗಳನ್ನ ಕಟ್ಕೊಂಡು ಹೊರಡು!"

"ಅಲ್ರೀ, ಮೀಸೆ ಬಂದಿಲ್ಲ, ಇವರ ಮತದಲ್ಲಿ ಆಗಲೇ 'ಹಿರಿಯರು' ಅಂತ ಬಿರುದು!" ಗೆನ್ನಾದಿಯ ತಮ್ಮ ತೋಲ್ಯಾ ತೊಡೆ ತಟ್ಟಿ ನಕ್ಕ. "ಹೆಂಗೆ ಏರಿಸಿದ ನೋಡಿ, ನೀರು ಕುಡಿದ ಹಾಗೆ!"

ಎದೆ ಬಡಿದುಕೊಳ್ಳುತ್ತಿದ್ದ ಕ್ಲಾವ್ದಿಯಾಳ ಕೈ ನಿಂತಿತು. "ನೀರು ಕುಡಿದ ಹಾಗೆ?" ಸೊಸೆಯನ್ನೊಮ್ಮೆ ನೋಡಿದಳು, ಆಮೇಲೆ ಹುಡುಗನನ್ನು. "ಏಯ್, ಬಾಯಿ ಬಿಡು. ಹೇಗಿತ್ತು?"

ಸ್ಟೋಕರ್ ಹುಟ್ಟಿದಾರಭ್ಯ ಸುಳ್ಳು ಹೇಳಿದವನಲ್ಲ. ಹೊರಡುವ ದಿನ ಊರಿನ ಮಂದಿಯೆಲ್ಲ ಬಂದು ಅಪ್ಪನ ಬೆನ್ನು ತಟ್ಟಿದ್ದರು. ನಡುವೆಯೇ ವಾಪಸು ಹೋದರೆ ಆ ಅಪ್ಪ ತಲೆ ಎತ್ತುವುದುಂಟೇ? ಬಾಯಲ್ಲಿ ಹ್ರೆನ್ ಇನ್ನೂ ಸುಡುತ್ತಲೇ ಇತ್ತು.

"ಉರಿ, ಅಜ್ಜಿ," ಎಂದ ತನಗೆ ಬಂದಷ್ಟು ರಷ್ಯನ್ ಭಾಷೆಯಲ್ಲಿ. "ಬಾಯಿ ಉರಿ. ತುಂಬಾ, ತುಂಬಾ ಉರಿ."

"ಉರೀದೆ ಏನು! ನನ್ನ ಗೆನಾ ಸಪ್ಪೇದು ಮುಟ್ಟಿದವನೇ ಅಲ್ಲ," ಎಂದು ಮುದುಕಿ ಬರಿಗೈಯಲ್ಲೇ ಕಣ್ಣೊರೆಸಿಕೊಂಡಳು. ತೋಲ್ಯಾ ಮೇಜಿನ ಮೇಲಿನ ಬಾಟಲಿ ಎತ್ತಿ ಖಾಲಿ ಲೋಟಕ್ಕೆ ಬಗ್ಗಿಸಲು ಬಂದ. ರಿಮ್ಮಾ ಎರಡನ್ನೂ ಕಿತ್ತುಕೊಂಡಳು. "ಎಂಜಲಾಗಿದೆ. ತೊಳೆದು ನಾನೇ ತುಂಬಿಸಿ ತರ್ತೀನಿ. ನನ್ನ ಗಂಡನ ಎಡೆ ನನ್ನ ಕೈಲೇ ಆಗಲಿ."

ಅಡುಗೆಮನೆಯ ಹಳೇ ನಲ್ಲಿ ಗೊರಗುಟ್ಟಿ ನಿಂತಿತು. ಲೋಟ ತೊಳೆದ ಮೇಲೂ ಮತ್ತೊಮ್ಮೆ ಗೊರಗುಟ್ಟಿತು. ಮುದುಕಿ ತಲೆ ಎತ್ತಿದಳು. ಆಗ ಸ್ಟೋಕರನಿಗೆ ಎಂಥಾ ಕೆಮ್ಮು ಬಂತೆಂದರೆ, ತೋಲ್ಯಾ ಬೆನ್ನು ಗುದ್ದಿ ಗುದ್ದಿ ಸುಸ್ತಾದ. ರಿಮ್ಮಾ ಲೋಟ ತಂದಿಟ್ಟ ಮೇಲೆಯೇ ಆ ಕೆಮ್ಮು ನಿಂತಿತು. ಕ್ಲಾವ್ದಿಯಾ ಹೊಸ ಬ್ರೆಡ್ ಹೋಳು ಮುಚ್ಚಿ, "ಕುಡಿಯಪ್ಪಾ, ಕುಡಿ," ಎಂದು ಮಗನ ಫೋಟೋ ಸವರಿದಳು.

ಹೊರಡುವಾಗ ಬಾಗಿಲ ಬಳಿ ಕೋಟು ಕೊಡುವ ನೆಪದಲ್ಲಿ ರಿಮ್ಮಾ ಪಿಸುಗುಟ್ಟಿದಳು. "ಮದುವೆಯಾದಾಗಿನಿಂದ ಹೆಣಗಿದೆ ತಮ್ಮಾ, ಸಂಜೆ ಹೊತ್ತು ಅವನಿಗೆ ಒಂದು ಲೋಟ ನೀರು ಕುಡಿಸೋಕಾಗಲಿಲ್ಲ. ಈಗ ಇಟ್ಟರೆ ಬೇಡ ಅನ್ನಲ್ಲ."

ಬಿಂಗಮ್ ಮೆಟ್ಟಿಲ ಕೆಳಗೆ ಕಾಯುತ್ತಿದ್ದ. ಒಳ್ಳೆಯ ಹುಡುಗ, ಆದರೆ ಅವನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ಅವನಿಗೆ ಹೇಳಿದರೆ ಭಾನುವಾರದೊಳಗೆ ಊರಿಗೆಲ್ಲ ಗೊತ್ತು, ಕ್ಲಾವ್ದಿಯಾಳಿಗೂ ಗೊತ್ತು.

"ನಾಳೆ ನಮ್ಮ ಮಿಷನ್ ಅಧ್ಯಕ್ಷರಿಗೆ ನಾನು ಫೋನ್ ಮಾಡಲೇಬೇಕು ಕಣೋ," ಎಂದ ಬಿಂಗಮ್. "ಗೊತ್ತಿಲ್ದೆ ಎತ್ತಿದೆ ಅಂತಲೇ ಇಟ್ಕೋ. ಮೊದಲ ಗುಟುಕಿಗೇ ಗೊತ್ತಾಗಿರುತ್ತಲ್ಲ? ತಳ ಕಾಣೋವರೆಗೂ ಯಾಕೋ ಕುಡಿದೆ? ಅವರು ಕೇಳೋದು ಅದನ್ನೇ. ಏನಂತೀಯ?"

ಸ್ಟೋಕರ್ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ.

"ಬಾಯಾರಿಕೆ ಆಗಿತ್ತು ಅಂತೀನಿ."