ಹಗಲಿನ ಊಟ

"ಇವನಿಗೆ ಅನ್ನ ಎಷ್ಟು ಗಂಟೆಗೆ ಹಾಕ್ತೀರಿ?" ವಿಮಲಾ ತಟ್ಟನೆ ಕೇಳಿದಳು. ನಾಯಿ ಬೊಳ್ಳುವಿನ ಕಿಡ್ನಿ ಸೋತಿದೆ, ಇಲ್ಲಿಗೆ ಸೇರಿಸಿದ ಮೂರು ದಿನದಿಂದ ಅನ್ನ ಮೂಸಿಯೂ ನೋಡಿಲ್ಲ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಮೂಡುಬಿದಿರೆಯ ಪಶುವೈದ್ಯರು ಆಗಷ್ಟೇ ಹೇಳಿದ್ದರು.

"ರಾತ್ರಿ ಎಂಟಕ್ಕೆ. ಹಗಲು ಡ್ರಿಪ್ ಇರ್ತದೆ."

ವಿಮಲಾಗೆ ನಗು ಬಂತು. "ನಾವು ಜೈನರು ಡಾಕ್ಟ್ರೇ. ಸೂರ್ಯ ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಹನ್ನೊಂದು ವರ್ಷದಿಂದ ಇವನೂ ಉಂಡಿಲ್ಲ."

ವೈದ್ಯರು ಗಡಿಯಾರ ನೋಡಿದರು. ಐದೂ ಮುಕ್ಕಾಲು. "ಹಾಗಾದರೆ ಈಗಲೇ ಕೊಟ್ಟು ನೋಡುವ. ತಿಂದರೆ ಇನ್ನೆರಡು ದಿನ ಇಲ್ಲೇ ಇರಲಿ."

ಗುರುವಾಯನಕೆರೆಯ ಮನೆ ಮುಟ್ಟುವಾಗ ಕತ್ತಲಾಗುತ್ತದೆಂದು ವಿಮಲಾ ತನ್ನ ಊಟ ಕಟ್ಟಿಕೊಂಡು ಬಂದಿದ್ದಳು. ಗಂಡ ಜಯವರ್ಮ ಕಾರಿನಿಂದ ಆ ಡಬ್ಬಿ ತಂದ. ಅವಳು ಮೊಸರನ್ನದ ಸಣ್ಣ ತುತ್ತು ಮಾಡಿ ಬೊಳ್ಳುವಿನ ಬಾಯಿಯ ಹತ್ತಿರ ಹಿಡಿದಳು. ಅದು ಮೂಸಿತು. ಅವಳ ಕಿರುಬೆರಳನ್ನು ಒಮ್ಮೆ ನೆಕ್ಕಿ ತಲೆ ಕೆಳಗಿಟ್ಟಿತು.

"ಅವಸರ ಮಾಡಬೇಡ ಮಾರಾಯ್ತಿ, ಬಿಸಿಲು ಇನ್ನೂ ಉಂಟು," ಎಂದ ಜಯವರ್ಮ.

ಕಿಟಕಿಯ ಬಿಸಿಲು ಪೂರ್ತಿ ಹೋಗುವವರೆಗೂ ಅವಳು ತುತ್ತು ಹಿಡಿದೇ ಕುಳಿತಳು. ಆಮೇಲೆ ಅದನ್ನು ಡಬ್ಬಿಗೆ ಹಾಕಿ, ತಾನೂ ಉಣ್ಣದೆ ಮುಚ್ಚಳ ಮುಚ್ಚಿದಳು.

"ಕಾರಿನಲ್ಲಿ ನಾನು ಹಿಂದೆ, ಇವನೊಟ್ಟಿಗೆ ಕೂರ್ತೇನೆ," ಎಂದಳು.