ಅರ್ಧಕ್ಕೆ ಇಳಿಸಿದ ನೀರು

ಆಕ್ಸಿಜನ್ ಹಾಕಿ ಬಹಳ ಹೊತ್ತಾಗಿದ್ದರೂ ಮಗುವಿನ ತುಟಿ ನೇರಳೆಹಣ್ಣು ತಿಂದಂತೆಯೇ ಇತ್ತು. ಉಗುರುಗಳಿಗೂ ಅದೇ ಬಣ್ಣ. ಮಕ್ಕಳ ಡಾಕ್ಟರ್ ನಯನಾ ಎದೆಗೆ ಸ್ಟೆತಸ್ಕೋಪ್ ಇಟ್ಟು ಮತ್ತೊಮ್ಮೆ ಕೇಳಿದರು. ಹೃದಯ ಸರಿಯಿತ್ತು, ಶ್ವಾಸಕೋಶವೂ ಸರಿಯಿತ್ತು. ಎರಡು ತಿಂಗಳ ಆ ಗಂಡುಕೂಸು ಮಾತ್ರ ಅಳುವುದಕ್ಕೂ ತ್ರಾಣವಿಲ್ಲದೆ, ಅಜ್ಜಿ ಪಟಾಲಮ್ಮನ ಕಣ್ಣೆದುರೇ ನೀಲಿಗಟ್ಟುತ್ತಿತ್ತು.

"ಸೀತಕ್ಕೆ ಇಂಗಾಯ್ತದಾ ಡಾಕ್ಟ್ರಮ್ಮ? ತಣ್ಣೀರು ಮುಟ್ಟಿಸಿಲ್ಲ ನಾನು, ಒಂದ್ ದಿನಾನೂ."

ನಯನಾ ಮಗುವಿನಿಂದ ತೆಗೆದ ರಕ್ತದ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟರು. ಮಗುವಿನ ತಾಯಿ ರಮ್ಯಳ ಬೆರಳು ಚುಚ್ಚಿ ಪಕ್ಕದಲ್ಲೇ ಇನ್ನೊಂದು ಹನಿ ಬಿಟ್ಟರು. ಕಾಗದವನ್ನು ಗಾಳಿಗೆ ಹಿಡಿದು ಬೀಸಿದರು. ತಾಯಿಯ ಹನಿ ಕೆಂಪಗೆ ಹೊಳೆಯಿತು. ಮಗುವಿನದು ರಾಗಿ ಅಂಬಲಿಯ ಬಣ್ಣಕ್ಕೆ ನಿಂತುಬಿಟ್ಟಿತು.

ರಮ್ಯ ಬಾಯಿಗೆ ಕೈ ಅಡ್ಡ ಹಿಡಿದಳು. "ಅದು... ರಕ್ತಾನಾ ಮೇಡಂ?"

"ಎದೆಹಾಲಾ, ಪುಡಿಹಾಲಾ?"

"ಪುಡಿಹಾಲು. ನಂಗೆ ಹಾಲೇ ಬರ್ಲಿಲ್ಲ."

"ಯಾವ ನೀರಲ್ಲಿ ಕಲಸ್ತೀರ?"

ರಮ್ಯ ತಾಯಿಯ ಮುಖ ನೋಡಿದಳು. ಬಾಣಂತನಕ್ಕೆ ನಗರದಂಚಿನ ಕೋಗಿಲಿನ ತವರಿಗೆ ಬಂದ ಮೇಲೆ ಒಲೆ, ಪಾತ್ರೆ, ಮಗುವಿನ ಹಾಲು ಎಲ್ಲವೂ ಪಟಾಲಮ್ಮನದೇ.

"ನಮ್ ಬೋರಿಂದು ತಾಯಿ. ಎಳನೀರಿದ್ದಂಗೈತೆ. ಅಳಿಯಂದ್ರು ಕ್ಯಾನ್ ನೀರು ಕಳ್ಸಿದ್ರು. ಯಾರು ಎಲ್ಲಿ ತುಂಬ್ತಾರೋ ಏನೋ ಅಂತ ಅದ್ರಲ್ಲಿ ಪಾತ್ರೆ ತೊಳ್ದೆ."

"ಬಡ್ಕೊಂಡೆ ಕಣಮ್ಮ, ಕ್ಯಾನ್ ನೀರೇ ಹಾಕು ಅಂತ."

"ನೀನ್ ಕುಡ್ದು ಬೆಳ್ದಿದ್ದು ಅದೇ ನೀರು ಕಣೇ. ಏನಾಗೈತೆ ನಿಂಗೆ? ಎಮ್ಮೆ ಇದ್ದಂಗಿದೀಯ."

ನಯನಾ ನಡುವೆ ಬಂದರು. "ಕಾಯಿಸಿ ಕೊಡ್ತಿದ್ರಾ ಅಜ್ಜಿ?"

ಪಟಾಲಮ್ಮನ ಬೆನ್ನು ನೆಟ್ಟಗಾಯಿತು. ಈ ಒಂದು ವಿಷಯದಲ್ಲಿ ಯಾರೂ ಅವಳತ್ತ ಬೆರಳು ತೋರಿಸುವಂತಿರಲಿಲ್ಲ. "ಬರೀ ಕಾಯ್ಸೋರು ಬೇರೆಯೋರು. ನಾನು ಒಂದು ಚೊಂಬು ಇಟ್ರೆ ಅರ್ಧ ಚೊಂಬಿಗೆ ಇಳಿಸ್ತೀನಿ. ನಮ್ಮತ್ತೆ ಕಾಲದಿಂದ್ಲೂ ಅಂಗೇ. ಓದ್ ವಾರ ಕೂಸಿಗೆ ಬೇದಿ ಆಯ್ತಲ್ಲ, ಅವತ್ತಿಂದ ಕಾಲು ಚೊಂಬಿಗೇ ಇಳಿಸ್ತಿದೀನಿ."

ಡಾಕ್ಟರ್ ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. ನರ್ಸ್ ಕಡೆ ತಿರುಗಿ ಒಂದು ಔಷಧಿಯ ಹೆಸರು ಹೇಳಿದರು. ಶಾಯಿಯಂಥ ಕಡುನೀಲಿ ದ್ರವ ಸಿರಿಂಜಿಗೆ ಬಂತು. ನೀಲಿಗಟ್ಟಿದ ಮಗುವಿಗೆ ನೀಲಿ ಔಷಧಿ ಕೊಡುವುದನ್ನು ಪಟಾಲಮ್ಮ ನೋಡಿದಳು.

"ಬೋರ್ ಪಕ್ಕ ಏನಿದೆ ಅಜ್ಜಿ?"

"ಇತ್ತಲು. ನಮ್ಮವೇ ಬಾಡಿಗೆ ಮನೆಗಳು. ಅವ್ರ ನಲ್ಲಿಗೂ ಇದೇ ಬೋರ್ ನೀರು."

"ಆ ಮನೆಗಳ ಕಕ್ಕಸು ನೀರು ಎಲ್ಲಿಗೆ ಹೋಗುತ್ತೆ?"

"ಗುಂಡಿ ತೆಗ್ಸಿದೀವಿ. ಇಷ್ಟು ವರ್ಸದಲ್ಲಿ ಒಂದ್ಸಲಾನೂ ತುಂಬಿಲ್ಲ. ಗಾಡಿ ಕರ್ಸೋ ಕೆಲ್ಸಾನೇ ಬಂದಿಲ್ಲ." ಆ ಗುಂಡಿಯ ಬಗ್ಗೆಯೂ ಅವಳಿಗೆ ಹೆಮ್ಮೆಯಿತ್ತು.

"ತುಂಬದೆ ಎಲ್ಲಿಗೆ ಹೋಯ್ತು?"

"ನೆಲಕ್ಕೇ ಇಂಗಿರ್ಬೇಕು," ಎಂದಳು ಪಟಾಲಮ್ಮ.

ನಯನಾ ಬಿಡಿಸಿ ಹೇಳಿದರು. ನೀರನ್ನು ಲ್ಯಾಬಿಗೆ ಕಳಿಸಬೇಕು, ವರದಿ ಬರುವವರೆಗೆ ಖಚಿತವಾಗಿ ಹೇಳುವಂತಿಲ್ಲ. ಆದರೆ ರಕ್ತ ನೋಡಿದರೆ ಇದು ನೈಟ್ರೇಟ್. ಕಕ್ಕಸು ಗುಂಡಿಯಿಂದ ನೆಲಕ್ಕಿಳಿದು ಬೋರ್ ಸೇರುವಂಥದ್ದು. ಬಣ್ಣವಿಲ್ಲ, ವಾಸನೆಯಿಲ್ಲ. ದೊಡ್ಡವರ ಮೈ ತಡೆದುಕೊಳ್ಳುತ್ತದೆ. ಎಳೆಮಗುವಿನ ರಕ್ತಕ್ಕೆ ಮಾತ್ರ ಉಸಿರನ್ನು ಹೊತ್ತೊಯ್ಯುವ ಶಕ್ತಿಯೇ ಇಲ್ಲದಂತಾಗುತ್ತದೆ.

"ಅಷ್ಟೊಂದು ಕುದ್ಸಿದ್ರೂ ಸಾಯಲ್ವಾ ಅದು?"

"ಸಾಯೋಕೆ ಅದಕ್ಕೆ ಜೀವ ಇಲ್ಲ ಅಜ್ಜಿ. ನೀರು ಆವಿಯಾಗಿ ಹೋಗುತ್ತೆ, ಅದು ಪಾತ್ರೆಯಲ್ಲೇ ಉಳಿಯುತ್ತೆ. ಸಾರು ಬತ್ತಿಸಿದ್ರೆ ಉಪ್ಪಾಗಲ್ವಾ? ಹಾಗೆ."

ಸಾರು ಬತ್ತಿದರೆ ಏನಾಗುತ್ತದೆಂದು ಪಟಾಲಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೊದಲು ಅರ್ಧ ಚೊಂಬು, ಆಮೇಲೆ ಕಾಲು ಚೊಂಬು. ಮಗು ಸೊರಗಿದಷ್ಟೂ ಒಲೆಯ ಉರಿ ಏರಿಸಿದ್ದು ಅವಳೇ. ಮಗಳತ್ತ ನೋಡಲು ಧೈರ್ಯ ಸಾಲಲಿಲ್ಲ.

ಔಷಧಿ ಇಳಿದು ಸ್ವಲ್ಪ ಹೊತ್ತಿಗೆ ಮಗುವಿನ ತುಟಿಯಂಚಿನಲ್ಲಿ ಕೆಂಪು ಮೂಡಿತು. ಆಮೇಲೆ ಸಣ್ಣದೊಂದು ಅಳು. ರಮ್ಯ ತಾನೂ ಅಳುತ್ತ ಮಂಚಕ್ಕೆ ಬಾಗಿದಳು. "ಬಚಾವಾದ," ಎಂದರು ನಯನಾ.

ಪಟಾಲಮ್ಮ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಹಿತ್ತಲ ಬಾಡಿಗೆ ಮನೆಯ ಕನೀಜ್. ಅವಳ ಮಗಳು ಅಮ್ರೀನ್ ಹೆರಿಗೆ ಮುಗಿಸಿಕೊಂಡು ಮೊನ್ನೆಯಷ್ಟೇ ತಾಯಿಯ ಮನೆಗೆ ಬಂದಿದ್ದಳು.

"ಪಾಪು ಹೆಂಗಿದೆ ಅಮ್ಮಾ? ನಾವೆಲ್ಲ ದುವಾ ಮಾಡ್ತಿದೀವಿ. ಇಲ್ಲಿ ಅಮ್ರೀನ್‌ಗೂ ಹಾಲು ಸಾಲ್ತಿಲ್ಲ, ಪುಡಿ ತಂದಿದೀವಿ. ನೀವ್ ಮಾಡೋ ಥರಾನೇ ನೀರು ಇಟ್ಟಿದೀನಿ, ಅರ್ಧಕ್ಕೆ ಬಂತು. ಸಾಕಾ?"

"ಚೆಲ್ಲು!" ಪಟಾಲಮ್ಮ ಕೂಗಿದ ರಭಸಕ್ಕೆ ವಾರ್ಡಿನವರೆಲ್ಲ ತಿರುಗಿ ನೋಡಿದರು. "ಚೆಲ್ಲೇ ಕನೀಜು! ಒಂದ್ ತೊಟ್ಟೂ ಕೊಡ್ಬೇಡ, ಚೆಲ್ಬಿಡು!"

ಅತ್ತ ಕಡೆ ಗಾಬರಿಯ ಗಲಿಬಿಲಿ. ಪಾತ್ರೆ ಬಗ್ಗಿಸಿದ ಸದ್ದು. ಅದರ ಹಿಂದೆಯೇ ನಲ್ಲಿ ತಿರುಗಿಸಿದ ಸದ್ದು.

"ಚೆಲ್ಲಿದೆ ಅಮ್ಮಾ. ಬೇರೆ ನೀರು ಹಿಡೀತಿದೀನಿ," ಎಂದಳು ಕನೀಜ್. "ಈ ಸಲ ಕಾಲು ಭಾಗಕ್ಕೇ ಇಳಿಸ್ತೀನಿ, ಹೆದರ್ಕೋಬೇಡಿ."